ಗಾಡಿ ದಡಿ

ನನ್ನ ಮದುವೆಯ ಮಾತುಕತೆಗೆಂದು ನೆಲೋಗಿಯಿಂದ ಆಳಂದಕ್ಕೆ ಹೋಗಿದ್ದ ನಮ್ಮ ಹಿರಿಯರು ಹುಡುಗನ ಬಗ್ಗೆ ಕೇಳಬೇಕಾದ್ದು, ಕೇಳಬಾರದ್ದು ಎಲ್ಲವನ್ನೂ ಕೇಳಿ ಬಂದಿದ್ದರು. ಕುಡಿಯುತ್ತಾನೋ, ಇಸ್ಪೀಟು ಆಡುತ್ತಾನೋ, ದಿನಾ ಲಿಂಗಪೂಜೆ ಮಾಡಿಕೊಳ್ಳುತ್ತಾನೋ ಇಲ್ಲವೋ, ಹಿಟ್ಟಿನ ಗಿರಣಿ ಸ್ವಂತದ್ದೋ ಬಾಡಿಗೆಯದೋ, ಅತ್ತೆಯ ಬಾಯಿ ಹೇಗೆ, ಒಂದನ್ನೂ ಬಿಟ್ಟಿರಲಿಲ್ಲ. ಹಿತ್ತಲಲ್ಲಿ ಏನಿದೆ ಎಂದು ಮಾತ್ರ ಒಬ್ಬ ಪುಣ್ಯಾತ್ಮನಿಗೂ ಕೇಳಬೇಕೆನ್ನಿಸಲಿಲ್ಲ.

ಸೊಸೆಯಾಗಿ ಬಂದ ಮರುದಿನ ಮುಂಜಾನೆ ಹಿತ್ತಲ ಬಾಗಿಲು ತೆಗೆದೆ. ಇಟ್ಟಂಗಿಗಳ ಮೇಲೆ ಒಂದು ಕಾರು ಕೂತಿತ್ತು. ಗಾಲಿ ಇರಲಿಲ್ಲ, ಗಾಜು ಇರಲಿಲ್ಲ, ಒಂದು ಕಡೆ ಬಾಗಿಲೂ ಇರಲಿಲ್ಲ. ಮೈತುಂಬ ತುಕ್ಕು. ಹಿಂದಿನ ಸೀಟು ಇರಬೇಕಾದ ಜಾಗದಲ್ಲಿ ಪಕ್ಕದ ಮನೆಯವರ ಕೋಳಿ ಕಾವಿಗೆ ಕೂತು ನನ್ನನ್ನೇ ದುರುಗುಟ್ಟಿ ನೋಡುತ್ತಿತ್ತು. ಲಿಂಗವಂತರ ಹಿತ್ತಲಲ್ಲಿ ಕೋಳಿ ಕಾವು ಕೊಡುವುದನ್ನು ನಾನು ಹುಟ್ಟಿದ ಮೇಲೆ ನೋಡಿದ್ದು ಅದೇ ಮೊದಲು. ಹಿಂದೆ ಬಂದು ನಿಂತ ಅತ್ತೆ, “ಅಕಿ ನಿನ್ನ ಸವತಿ ನೋಡಬೇ. ನಿನಗಿಂತ ಮೊದಲ ಈ ಮನಿಗಿ ಬಂದಾಳ,” ಎಂದರು. ನಗುತ್ತಲೇ ಅಂದರು, ಆದರೆ ನನಗೆ ಮೈ ಉರಿದುಹೋಯಿತು. ಮೊದಲೇ ನನ್ನ ಸಿಟ್ಟು ಮೂಗಿನ ತುದಿಯಲ್ಲಿ ಇರುವಂಥದ್ದು.

ಇದು ಎಂಬತ್ತರ ದಶಕದ ಮೊದಲ ವರ್ಷಗಳ ಮಾತು. ಸವತಿ ಎಲ್ಲಿಯವಳು ಎಂದು ವಿಚಾರಿಸಿದೆ. ನಿಜಾಮರ ಕಾಲದಲ್ಲಿ ಯಾರೋ ದೊಡ್ಡ ಅಧಿಕಾರಿ ಓಡಾಡಿದ ವಿಲಾಯತಿ ಕಾರಂತೆ. ಕೈಯಿಂದ ಕೈಗೆ ದಾಟಿ ಕೊನೆಗೆ ಅಫಜಲಪುರದ ಗುತ್ತೇದಾರರೊಬ್ಬರ ದನದ ಕೊಟ್ಟಿಗೆ ಸೇರಿ, ತೊಗರಿ ಕಟ್ಟಿಗೆಯ ಅಡಿಯಲ್ಲಿ ಹೂತುಹೋಗಿತ್ತಂತೆ. ಗಿರಣಿಗೆ ಬೀಸುವ ಕಲ್ಲು ತರಲು ಹೋದ ನಮ್ಮ ಮನೆಯವರು ಕಲ್ಲನ್ನು ಮರೆತು, ಇದನ್ನು ಟ್ರ್ಯಾಕ್ಟರಿನ ಟ್ರಾಲಿಗೆ ಹೇರಿಸಿಕೊಂಡು ಬಂದಿದ್ದರು. “ಕಲ್ಲು ಯಾವಾಗಿದ್ರೂ ಸಿಗತಾವ. ಇಂಥಾದ್ದು ಸಿಗತದೇನು?” ಎಂದು ನನ್ನನ್ನೇ ಕೇಳಿದರು. ಆ ಹೊತ್ತಿನಲ್ಲಿ ಅವರ ಕಣ್ಣು ನೋಡಬೇಕಿತ್ತು. ಮದುವೆಯ ದಿನ ಅಕ್ಷತೆ ಬೀಳುವಾಗ ಅಷ್ಟು ಹೊಳೆದಿರಲಿಲ್ಲ ಎಂದು ನಾನು ಆಣೆ ಮಾಡಿ ಹೇಳಬಲ್ಲೆ.

ಮುಂಜಾನೆ ಗಿರಣಿ, ಮಧ್ಯಾಹ್ನ ಕಾರು. ನೆಲದ ಪತ್ರಾ, ಅಂದರೆ ತಗಡು, ಪೂರ್ತಿ ಹೋಗಿತ್ತು, ಒಳಗೆ ಕೂತರೆ ಕಾಲು ಮಣ್ಣಿಗೇ ತಾಗುತ್ತಿತ್ತು. ಡಾಂಬರಿನ ಖಾಲಿ ಡ್ರಮ್ಮುಗಳನ್ನು ತಂದು ಸೀಳಿ, ಬಡಿದು ಚಪ್ಪಟೆ ಮಾಡಿ, ಗ್ಯಾಸ್ ವೆಲ್ಡಿಂಗಿನವನನ್ನು ಮನೆಗೇ ಕರೆಸಿ ಕೂಡಿಸಿದರು. ಇಲ್ಲದ ಬಾಗಿಲನ್ನು ಇದ್ದ ಬಾಗಿಲಿನ ಅಳತೆ ಹಿಡಿದು ತಾವೇ ಮಾಡಿದರು. ಅದು ತೆಗೆಯುವಾಗ ಡಾಂಬರಿನ ವಾಸನೆ, ಹಾಕುವಾಗ ಡೋಲಿನ ಸಪ್ಪಳ. ಇಲ್ಲಿಯವರೆಗೆ ನಾನು ಸಹಿಸಿದೆ. ಆದರೆ ಮಡ್‌ಗಾರ್ಡಿನ ದುಂಡು ಬರಬೇಕೆಂದರೆ ಪತ್ರಾವನ್ನು ತಗ್ಗಿನಲ್ಲಿಟ್ಟು ಬಡಿಯಬೇಕು. ನಮ್ಮ ಮನೆಯಲ್ಲಿ ಅಂಥ ತಗ್ಗು ಇದ್ದದ್ದು ಒಂದೇ ಕಡೆ, ನಾನು ರೊಟ್ಟಿಗೆ ಶೇಂಗಾ ಹಿಂಡಿ ಕುಟ್ಟುವ ಕಲ್ಲಿನ ಒಳ್ಳಿನಲ್ಲಿ. ಒಂದು ದಿನ ಹಿಂಡಿಯಲ್ಲಿ ಕಬ್ಬಿಣದ ರುಚಿ ಬಂತು. ನಾನು ಗಂಗಾಳವನ್ನು ದೂಡಿ ಎದ್ದೆ. ಅತ್ತೆ ಮಾತ್ರ ಇನ್ನೊಂದು ರೊಟ್ಟಿ ಹಾಕಿಸಿಕೊಳ್ಳುತ್ತ, “ಕಬ್ಬಿಣ ರಕ್ತಕ್ಕ ಚೊಲೋ ಅಂತಾರ, ತಿನ್ನು,” ಎಂದರು.

ಮದುವೆಯಾದ ವರ್ಷ ಪಂಚಮಿಗೆ ಅಣ್ಣ ನನ್ನನ್ನು ಕರೆಯಲು ಬಂದ. ಪಂಚಮಿಗೆ ಅಣ್ಣ ಬಂದು ತಂಗಿಯನ್ನು ತವರಿಗೆ ಕರೆದೊಯ್ಯುವುದು ನಮ್ಮ ಕಡೆಯ ಪದ್ಧತಿ. ಅವನು ಕೈಕಾಲು ತೊಳೆಯಲು ಹಿತ್ತಲಿಗೆ ಹೋದವನು ಕಾರನ್ನೂ ಕೋಳಿಯನ್ನೂ ನೋಡಿ ಬಂದ. ನೆಲೋಗಿಯಲ್ಲಿ ಬಸ್ಸಿನಿಂದ ಇಳಿದು ನನ್ನ ಗಂಟು ಕೆಳಗಿಡುವುದರೊಳಗೆ ಆ ಸುದ್ದಿ ಊರೆಲ್ಲ ಆಗಿತ್ತು. ಮರುದಿನ ಬೇವಿನ ಮರಕ್ಕೆ ಕಟ್ಟಿದ ಜೋಕಾಲಿಯಲ್ಲಿ ನಾನು ಮೇಲಕ್ಕೆ ಹೋಗಿದ್ದಾಗ ದೊಡ್ಡಪ್ಪನ ಹೆಣ್ಣುಮಕ್ಕಳು ಕೆಳಗಿಂದ ಶುರು ಮಾಡಿದರು. ಅದರಲ್ಲೂ ಹಿರಿಯಳು.

“ಯಾಕಬೇ, ನಿನ್ನ ಗಂಡನ ಕಾರಿನ್ಯಾಗ ಎಷ್ಟು ಮರಿ ಆದವು?”

ಹೆಂಗಸರು ಜೋಳದ ಅಳ್ಳು ತಿನ್ನುವುದನ್ನು ಬಿಟ್ಟು ನಕ್ಕರು. ಗಂಡಸರೂ ನಕ್ಕರು. ನನ್ನ ಬಾಯಿ ಸುಮ್ಮನಿರಬೇಕಲ್ಲ? ಜೋಕಾಲಿ ಕೆಳಗೆ ಬಂದು ಮತ್ತೆ ಮೇಲೆ ಹೋಗುವುದರೊಳಗೆ ಅಂದುಬಿಟ್ಟೆ. “ಬರೂ ಪಂಚಮಿಗಿ ಅದ ಕಾರಿನ್ಯಾಗ ಕುಂತು ಈ ಊರ ಅಗಸಿ ಬಾಗಿಲಾ ದಾಟಿ ಬರತೇನಿ. ಅಲ್ಲಿ ತನಕ ಈ ತವರಮನಿ ಹೊಸ್ತಿಲಾ ತುಳಿಯೂದಿಲ್ಲ. ಬರೆದಿಟ್ಕೋರಿ.”

ಎಳ್ಳಿನ ಉಂಡಿಯ ಬುಟ್ಟಿ ಹಿಡಿದು ನಿಂತಿದ್ದ ಅವ್ವ ಅದನ್ನು ಕೇಳಿದಳು. ಬುಟ್ಟಿಯನ್ನು ಕೆಳಗಿಟ್ಟು ಒಳಗೆ ಹೋದಳು. ಹಿಂದೆಯೇ ಓಡಿಹೋಗಬೇಕೆನ್ನಿಸಿತು, ಆದರೆ ಆಡಿದ್ದನ್ನು ವಾಪಸು ತೆಗೆದುಕೊಳ್ಳುವ ರೂಢಿ ನನಗೆ ಇರಲಿಲ್ಲ.

ಆಳಂದಕ್ಕೆ ಬಂದು ನಡೆದದ್ದನ್ನು ಹೇಳಿದಾಗ ನಮ್ಮ ಮನೆಯವರು ಬೈಯಬಹುದೆಂದು ಕಾದೆ. ಅವರು ಎದ್ದು ನಿಂತರು. “ಖರೇನ ಹಂಗಂದಿಯೇನು? ನಮ್ಮ ಕಾರಿನ ಮ್ಯಾಲ ಇಷ್ಟು ನಂಬಿಗಿ ಯಾರೂ ಇಟ್ಟಿದ್ದಿಲ್ಲ ನೋಡು,” ಎಂದು ಖುಷಿಯಿಂದ ಸುತ್ತಿಗೆ ಹಿಡಿದುಕೊಂಡು ಹೋದರು. ಕಾರಿನ ಮೇಲಿನ ನಂಬಿಕೆಯಲ್ಲ, ನನ್ನ ಬಾಯಿಯ ಕೊಬ್ಬು ಎಂದು ಹೇಳಲು ನನಗೆ ಮನಸ್ಸಾಗಲಿಲ್ಲ.

ಅಂದಿನಿಂದ ನಾನೂ ಸವತಿಯ ಸೇವೆಗೆ ನಿಂತೆ. ಕೋಳಿಯನ್ನು ಮರಿಗಳ ಸಮೇತ ಪಕ್ಕದ ಮನೆಗೆ ಸಾಗಿಸಿದೆ. ಗಿರಣಿಯ ಎಂಜಿನ್ ಬಿಚ್ಚಿ ಕಟ್ಟಿ ರೂಢಿಯಿದ್ದ ನಮ್ಮ ಮನೆಯವರು ಕಾರಿನ ಎಂಜಿನ್ನಿಗೂ ಜೀವ ಬರಿಸಿದರು, ಗಾಜು, ಸೀಟು ಒಂದೊಂದಾಗಿ ಹೊಂದಿಸಿದರು. ಬೆಸುಗೆ ಹಾಕಿದ ಕಡೆಯೆಲ್ಲ ಪುಟ್ಟಿ ಮೆತ್ತಿ, ಒಣಗಿದ ಮೇಲೆ ನೀರು ಹಾಕುತ್ತ ಪಾಲಿಶ್ ಪೇಪರಿನಿಂದ ಉಜ್ಜಬೇಕು. ಗಿರಾಕಿಗಳು ಬಂದಾಗಲೆಲ್ಲ ನಮ್ಮ ಮನೆಯವರು ಗಿರಣಿಗೆ ಓಡುವರು, ನಾನು ಉಜ್ಜುವೆ. ಉಜ್ಜಿದ್ದು ಸರಿಯಾಯಿತೋ ಇಲ್ಲವೋ ಎಂದು ಕಣ್ಣಿನಿಂದ ತಿಳಿಯುವುದಿಲ್ಲ, ಅಂಗೈ ಆಡಿಸಿ ನೋಡಬೇಕು. ದಿನಾ ರೊಟ್ಟಿ ಬಡಿಯುವ ಕೈ ನನ್ನದು, ಕಾಳಿನಷ್ಟು ಉಬ್ಬು ಇದ್ದರೂ ಗೊತ್ತಾಗುತ್ತಿತ್ತು. “ಇಲ್ಲಿ ಇನ್ನೂ ತಗ್ಗದ ನೋಡ್ರಿ,” ಎಂದರೆ ಅವರು ಬಂದು ಕೈಯಾಡಿಸಿ, “ನನಗ ತಿಳಿವಲ್ದು, ನೀ ಅಂದ್ರ ಇರಬೇಕು,” ಎಂದು ಮತ್ತೆ ಪುಟ್ಟಿ ಹಚ್ಚುವರು. ಇಬ್ಬರೂ ಎದುರುಬದುರು ಕೂತು ಒಂದೇ ಬಾಗಿಲನ್ನು ಉಜ್ಜುತ್ತ, ಕೈ ತಾಗಿದಾಗ ನಗುತ್ತ ಇದ್ದೆವು. ಹೊಸದಾಗಿ ಮದುವೆಯಾದವರು ಸಿನಿಮಾಕ್ಕೆ ಹೋಗುವ ಕಾಲದಲ್ಲಿ ನಾವು ಮಡ್‌ಗಾರ್ಡ್ ಉಜ್ಜಿದೆವು. ನನಗೆ ಸಂತೋಷವಾಗಿತ್ತು, ಸುಳ್ಳು ಯಾಕೆ ಹೇಳಲಿ.

ತವರು ಮಾತ್ರ ನೆನಪಾಗುತ್ತಿತ್ತು. ದೀಪಾವಳಿಗೆ ಅಣ್ಣ ಬಂದ, ಬರಿಗೈಯಲ್ಲಿ ಹೋದ. ಎಳ್ಳಮಾವಾಸ್ಯೆಗೂ ಬಂದ, ಹೋದ. ಮಗಳಿಗೆ ಮಕ್ಕಳಾಗುವ ತನಕ ಅವಳ ಮನೆಯ ನೀರು ಮುಟ್ಟಬಾರದೆಂಬುದು ಅವ್ವನ ಕಟ್ಟುನಿಟ್ಟು, ಹಾಗಾಗಿ ಅವಳು ಬರುವಂತಿಲ್ಲ. ಮಾತು ಆಡಿದ್ದಕ್ಕೆ ನಾನು ಹೋಗುವಂತಿಲ್ಲ. ಅವ್ವನ ಮುಖ ನೋಡದೆ ನಾನು ಅಷ್ಟು ದಿನ ಎಂದೂ ಇದ್ದವಳಲ್ಲ. ಅಳು ಬಂದಾಗ ಹೋಗಿ ಬಾನೆಟ್ಟು ಉಜ್ಜುತ್ತಿದ್ದೆ. ಆ ಕಾರಿನಲ್ಲಿ ಎಲ್ಲಕ್ಕಿಂತ ನುಣುಪಾದದ್ದು ಬಾನೆಟ್ಟೇ.

ಬಣ್ಣ ಹಚ್ಚುವುದನ್ನೂ ಮನೆಯಲ್ಲೇ ಮಾಡಬೇಕೆಂದಿದ್ದೆವು. ಮೊದಲಿಗೆ ಅಡಿಬಣ್ಣ, ಅದಕ್ಕೆ ಪ್ರೈಮರ್ ಅನ್ನುತ್ತಾರೆ. ಅದನ್ನು ಹಚ್ಚಿ ಊಟಕ್ಕೆ ಕೂತೆವು. ಯಾರೋ ಜೋಳ ಬೀಸಲು ತಂದರೆಂದು ಅತ್ತೆ ಗಿರಣಿ ಹಚ್ಚಿದರು. ಗಾಳಿ ಹಿತ್ತಲಿನ ಕಡೆಗಿತ್ತು. ಕೈ ತೊಳೆದು ಬಂದು ನೋಡಿದರೆ ಕಾರಿಗೆ ತಲೆಯಿಂದ ಕಾಲಿನವರೆಗೆ ಜೋಳದ ಹಿಟ್ಟು ಕೂತಿತ್ತು. ಸಂಜೆಯೊಳಗೆ ಆಳಂದದಲ್ಲಿದ್ದ ಇರುವೆಗಳೆಲ್ಲ ಬಂದವು. ನಮ್ಮ ಮನೆಯವರು ಅತ್ತೆಯ ಮುಖ ನೋಡಿದರು. ಅತ್ತೆ, “ಗಿರಣಿ ಇದ್ದಲ್ಲಿ ಹಿಟ್ಟು ಹಾರಲಾರದ ಏನು ಮುತ್ತು ಹಾರತಾವೇನು?” ಎಂದು ಒಳಗೆ ಹೋದರು. ಎಲ್ಲವನ್ನೂ ಉಜ್ಜಿ ತೆಗೆದು, ಕಾರನ್ನು ಮತ್ತೆ ಟ್ರಾಲಿಗೆ ಹೇರಿ ಊರ ಹೊರಗೆ ಕಡಗಂಚಿ ದಾರಿಯಲ್ಲಿದ್ದ ಉಸ್ತಾದನ ಶೆಡ್ಡಿಗೆ ಸಾಗಿಸಿದೆವು.

ಉಸ್ತಾದ ಲಾರಿಗಳಿಗೆ ಬಣ್ಣ ಹಚ್ಚುವವನು. ತೆಳ್ಳಗೆ, ಉದ್ದಕ್ಕೆ, ಮೆಹಂದಿ ಹಚ್ಚಿದ ಗಡ್ಡ. ಅವನು ಬರೆದ ನವಿಲು, ಗುಲಾಬಿ, ಓಡುವ ಕುದುರೆ ಇಲ್ಲದ ಲಾರಿ ನಮ್ಮ ಕಡೆ ಕಮ್ಮಿ. ಬಣ್ಣಗಾರ ಅಂದರೆ ಸಿಟ್ಟಿಗೇಳುತ್ತಿದ್ದ. “ಬಣ್ಣಾ ಬಳಿಯೋವ್ರು ಗೋಡಿಗಿ ಬಳಿತಾರ. ನಾ ಗಾಡಿ ಸಿಂಗಾರ ಮಾಡಾಂವ,” ಎನ್ನುತ್ತಿದ್ದ. ಪಂಚಮಿಯ ತನಕ ಆಗುತ್ತದೋ ಎಂದು ಕೇಳಿದರೆ, “ಆಕಾಶ ಕೈಕೊಡಲಿಲ್ಲ ಅಂದ್ರ ಉಸ್ತಾದ ಕೈಕೊಡಾಂಗಿಲ್ಲ,” ಎಂದ. ನನಗೆ ಅವನ ಮಾತಿನ ಗತ್ತು ಬಹಳ ಹಿಡಿಸಿತು.

ಯಾವ ಬಣ್ಣ ಎಂಬುದು ದೊಡ್ಡ ಜಗಳವಾಯಿತು. ನಮ್ಮ ಮನೆಯವರಿಗೆ ಕರಿ ಬೇಕು, ಸಾಹೇಬರ ಕಾರೆಲ್ಲ ಕರಿ ಇರುತ್ತಿದ್ದವಂತೆ. ಹಬ್ಬಕ್ಕೆ ತವರಿಗೆ ಹೋಗುವವಳು ಕರಿ ಗಾಡಿಯಲ್ಲಿ ಹೋಗಬಾರದೆಂದು ಅತ್ತೆ. ನನ್ನ ಮನಸ್ಸಿನಲ್ಲಿದ್ದದ್ದು ನವಿಲಿನ ಕೊರಳಿನ ಬಣ್ಣ. ಅದು ನೀಲಿಯೂ ಅಲ್ಲ, ಹಸಿರೂ ಅಲ್ಲ. ಅಂಗಡಿಯವರ ಬಣ್ಣದ ಪಟ್ಟಿಯಲ್ಲಿ ಎಲ್ಲೂ ಸಿಗಲಿಲ್ಲ. ಆದರೆ ನನ್ನ ಟ್ರಂಕಿನಲ್ಲಿತ್ತು. ಮದುವೆಯಲ್ಲಿ ಅವ್ವ ಉಡಿಸಿದ ಇಳಕಲ್ ಸೀರೆಯ ಒಡಲು ಅದೇ ಬಣ್ಣ. ಅದಕ್ಕೆ ಅಂಚಿನುದ್ದಕ್ಕೂ ಗೇಣಗಲದ ಕೆಂಪು ದಡಿ, ಹಿಂದೆ ಕೆಂಪಿನ ಮೇಲೆ ಬಿಳಿ ಗೋಪುರಗಳ ಸಾಲಿದ್ದ ಸೆರಗು. ಆ ಸೀರೆಯನ್ನು ಉಸ್ತಾದನಿಗೆ ತೋರಿಸಿ, ಒಡಲಿನ ಬಣ್ಣ ಕಲಸಲು ಹೇಳುವುದೆಂದು ತೀರ್ಮಾನವಾಯಿತು.

ಅಂದು ನಮ್ಮ ಮನೆಯವರು ಟೈರಿಗೆಂದು ಕಲಬುರಗಿಗೆ ಹೋಗಿದ್ದರು. ನನ್ನ ಕೈ ಹಿಟ್ಟಿನಲ್ಲಿತ್ತು. ಶೆಡ್ಡಿನ ಕಡೆಯ ಹೊಲಕ್ಕೆ ಹೊರಟಿದ್ದ ಅತ್ತೆ, “ತಾ, ನಾ ಕೊಟ್ಟು ಹೇಳತೇನಿ,” ಎಂದರು. ಇಲ್ಲಿ ಒಂದು ಮಾತು ಹೇಳಬೇಕು. ಇಳಕಲ್ ಸೀರೆಯ ದಡಿಗಳಿಗೆ ಒಂದೊಂದಕ್ಕೂ ಒಂದೊಂದು ಹೆಸರು. ನನ್ನ ಸೀರೆಯ ದಡಿಗೆ ಗಾಡಿ ದಡಿ ಎನ್ನುತ್ತಾರೆ. ಯಾಕೆ ಹಾಗೆನ್ನುತ್ತಾರೋ ಗೊತ್ತಿಲ್ಲ, ಕಾರಿಗೂ ಬಂಡಿಗೂ ಅದಕ್ಕೂ ಸಂಬಂಧವಿಲ್ಲ. ಅತ್ತೆಗೆ ಸೀರೆಗಳೆಂದರೆ ಪ್ರಾಣ. ಸೀರೆಯ ಪೂರ್ತಿ ಹೆಸರು ಹೇಳದೆ ಅದನ್ನು ಯಾರ ಕೈಗೂ ಕೊಡುವವರಲ್ಲ.

ಶೆಡ್ಡಿನಲ್ಲಿ ನಡೆದ ಮಾತು ಹೀಗಿತ್ತು. ಆಮೇಲೆ ಇಬ್ಬರೂ ಜಗಳವಾಡುತ್ತ ನನ್ನ ಮುಂದೆ ಇದನ್ನು ಅಷ್ಟು ಸಲ ಹೇಳಿದ್ದಾರೆಂದರೆ, ನಾನೇ ಅಲ್ಲಿ ನಿಂತಿದ್ದಂತೆ ನೆನಪಿದೆ.

“ಉಸ್ತಾದ, ಸೊಸಿ ಕಳಿಸ್ಯಾಳ. ಗಾಡಿ ದಡಿ ಸೀರಿ. ಹಿಂಗ ಆಗಬೇಕಂತ.”

“ಗಾಡಿ. ದಡಿ. ಸೀರಿ,” ಎಂದು ಉಸ್ತಾದ ಒಂದೊಂದೇ ಮಾತನ್ನು ಬಾಯಲ್ಲಿ ಹೊರಳಿಸಿದ. “ದಡಿನೂ ಆಗಬೇಕೇನ್ರಿ ದೊಡ್ಡಮ್ಮಾ?”

ದಡಿ ಅಷ್ಟು ಮುಖ್ಯವೇ ಎಂದು ಸೀರೆಯ ಬಗ್ಗೆ ಕೇಳುತ್ತಿದ್ದಾನೆಂದು ಅತ್ತೆ ತಿಳಿದರು. “ಮತ್ತ? ದಡಿಲಿಂದನ ಅದರ ಶಾನ್. ದಡಿ ತಗದ್ರ ಏನು ಉಳಿತದ ಅದರಾಗ?”

“ಮತ್ತ ಸೆರಗು?”

“ಸೆರಗು ಬಿಡಿಸಿ ನೋಡು. ಇಂಥಾ ಸೆರಗು ಈ ಆಳಂದದಾಗ ಯಾರ ಮನ್ಯಾಗೂ ಇಲ್ಲ.”

“ಅಂದ್ರ, ಸೆರಗು ಹಿಂದ ಬರಬೇಕು.”

“ಸೆರಗು ಹಿಂದ ಬರಲಾರದ ಮುಂದ ಬರತದೇನೋ? ಏನು ಕೇಳತಿ.”

ಉಸ್ತಾದ ಸೀರೆಯನ್ನು ಕಣ್ಣಿಗೊತ್ತಿಕೊಂಡು ಒಳಗಿಟ್ಟನಂತೆ. ಮುಗಿಯುವವರೆಗೆ ಯಾರೂ ಶೆಡ್ಡಿಗೆ ಬರಕೂಡದು, ದೃಷ್ಟಿಯಾಗುತ್ತದೆ ಎಂದು ಹೇಳಿ ಕಳಿಸಿದ. ನಾವು ಅದನ್ನು ಕಸಬ್ದಾರನ ಹಟವೆಂದು ನಂಬಿ ಸುಮ್ಮನಾದೆವು.

ಶ್ರಾವಣ ಹುಟ್ಟುವ ಮೊದಲೇ ಜಡಿಮಳೆ ಹಿಡಿಯಿತು. ಬಣ್ಣ ಆರುತ್ತಿಲ್ಲ, ಇನ್ನೊಂದು ದಿನ, ಇನ್ನೊಂದು ದಿನ ಎನ್ನುತ್ತ ಉಸ್ತಾದ ಪಂಚಮಿಯ ಹಿಂದಿನ ದಿನದ ಮಧ್ಯಾಹ್ನಕ್ಕೆ ತಂದು ನಿಲ್ಲಿಸಿದ. ನಾವು ಮೂವರೂ ಹೋದೆವು. ಉಸ್ತಾದ ಹೊಸ ಅಂಗಿ ಹಾಕಿಕೊಂಡಿದ್ದ. ಒಂದು ತುದಿಯಿಂದ ಕಾರಿಗೆ ಹೊದಿಸಿದ್ದ ತಾಡಪತ್ರಿಯನ್ನು ಮೆಲ್ಲಗೆ, ಮದುಮಗಳ ಮುಸುಕು ಸರಿಸಿದಂತೆ ಸರಿಸಿದ.

ಮೈಯೆಲ್ಲ ನವಿಲಿನ ಕೊರಳು. ಎಳ್ಳಷ್ಟೂ ಹೆಚ್ಚುಕಡಿಮೆಯಿಲ್ಲದ ಅದೇ ಬಣ್ಣ. ನಾನು ಕೈ ಜೋಡಿಸುವುದರಲ್ಲಿದ್ದೆ. ಅಷ್ಟರಲ್ಲಿ ತಾಡಪತ್ರಿ ಕೆಳಗೆ ಬಂತು. ಕಾರಿನ ಸುತ್ತ, ಮಡ್‌ಗಾರ್ಡುಗಳ ಅಂಚು ಹಿಡಿದು, ಬಾಗಿಲುಗಳ ಬುಡದಲ್ಲಿ, ಗೇಣಗಲದ ಕೆಂಪು ದಡಿ. ದಡಿಯ ಎರಡೂ ಬದಿಗೆ ಹಳದಿ ಎಳೆ. ಹಿಂದೆ ಹೋಗಿ ನೋಡಿದರೆ ಡಿಕ್ಕಿಯ ಮುಚ್ಚಳ ಪೂರ್ತಿ ಕೆಂಪು, ಅದರ ತುಂಬ ಬಿಳಿ ಗೋಪುರಗಳ ಸಾಲು. ನನ್ನ ಸೆರಗು.

“ನಿರಿಗಿ ಹ್ಯಾಂಗ ತರೂದಂತ ಭಾಳ ವಿಚಾರ ಮಾಡಿದೆ,” ಎಂದು ಉಸ್ತಾದ ಬಾನೆಟ್ಟಿನ ಪಕ್ಕದಲ್ಲಿದ್ದ ಗಾಳಿಯ ಸೀಳುಗಳನ್ನು ತೋರಿಸಿದ. ಒಂದೊಂದು ಸೀಳಿನ ಅಂಚಿಗೂ ಎಳೆಯಷ್ಟು ಕೆಂಪು. “ಇವ ನಿರಿಗಿ ನೋಡ್ರಿ. ಎಣಿಸಿ ಇಟ್ಟಾಂಗ ಅವ.”

“ಉಸ್ತಾದ,” ಎಂದೆ. “ನಾ ಬಣ್ಣಾ ನೋಡಂದಿದ್ದೆ. ಅದಕ್ಕ ಸೀರಿ ಉಡಸಂತ ಯಾರು ಹೇಳಿದ್ರು?”

“ದೊಡ್ಡಮ್ಮಾ ಅವರ ಬಾಯಿಲೆ ಹೇಳ್ಯಾರ. ಗಾಡಿ ದಡಿ ಅಂತ. ಗಾಡಿಗಿ ದಡಿ ಹಚ್ಚೇನಿ.”

“ಗಾಡಿ ದಡಿ ಅಂದ್ರ ದಡಿ ಹೆಸರೋ ಮಾರಾಯಾ,” ಎಂದರು ಅತ್ತೆ.

“ಸೆರಗು ಹಿಂದ ಬರಬೇಕಂತ ನೀವ ಅಂದ್ರಿ.”

“ಹೆಣ್ಣುಮಕ್ಕಳ ಸೆರಗೋ!”

ಉಸ್ತಾದನ ಮುಖ ಬಾಡಿತು. ಅವನು ಹಿಂದೆಂದೂ ಅಷ್ಟು ಮನಸ್ಸಿಟ್ಟು ಕೆಲಸ ಮಾಡಿರಲಿಕ್ಕಿಲ್ಲ. ನಮ್ಮ ಮನೆಯವರು ಅಲ್ಲೇ ಟೈರಿನ ಮೇಲೆ ಕುಸಿದು, ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡರು. ಭುಜ ಕುಲುಕುತ್ತಿದ್ದವು. ಪಾಪ, ಅಷ್ಟು ದಿನದ ಕಷ್ಟ, ಅಳುತ್ತಿದ್ದಾರೆಂದು ಹತ್ತಿರ ಹೋಗಿ ಕೈ ಸರಿಸಿ ನೋಡಿದರೆ, ನಗುತ್ತಿದ್ದರು. ಮಾತು ಬಾರದಷ್ಟು ನಗು. ನನಗೆ ಸಿಟ್ಟು ನೆತ್ತಿಗೇರಿತು. “ಸವತಿ ಆಗಿದ್ದು ಸಾಲಲಿಲ್ಲ, ಈಗ ನನ್ನ ಸೀರಿನೂ ಉಟ್ಟಾಳ,” ಎಂದೆ. ಅಂದ ಮೇಲೆ ಅದು ನನ್ನ ಕಿವಿಗೇ ಬಿದ್ದು, ನನಗೂ ನಗು ಬಂದುಬಿಟ್ಟಿತು. ಅತ್ತೆ ಹೊಟ್ಟೆ ಹಿಡಿದುಕೊಂಡು ಶೆಡ್ಡಿನ ಕಂಬಕ್ಕೆ ಒರಗಿದರು. ಕೊನೆಗೆ ಉಸ್ತಾದನೂ ಗಡ್ಡದಲ್ಲೇ ನಕ್ಕ. ನಕ್ಕು ಸುಸ್ತಾದ ಮೇಲೆ ಬೇರೆ ಬಣ್ಣ ಹಚ್ಚಲಾದೀತೇ ಎಂದು ಕೇಳಿದೆ. ಕೆಳಗಿನದು ಇನ್ನೂ ಹಸಿ, ಅದರ ಮೇಲೆ ಹಚ್ಚಿದರೆ ಎರಡೂ ಉಬ್ಬಿ ಏಳುತ್ತವೆ, ಈ ಮಳೆಯಲ್ಲಿ ವಾರವಾದರೂ ಬೇಕು ಎಂದ.

ಕಾರನ್ನು ಮನೆಗೆ ತರುವ ಹೊತ್ತಿಗೆ ಅಣ್ಣ ನನ್ನನ್ನು ಕರೆಯಲು ಬಂದು ಕಟ್ಟೆಯ ಮೇಲೆ ಕೂತಿದ್ದ. ಕಾರನ್ನು ನೋಡಿ ಬಿಕ್ಕಳಿಕೆ ಬರುವ ತನಕ ನಕ್ಕ. ನೀರು ಕುಡಿಸಿದೆ. ಕುಡಿದವನು ಲೋಟ ಕೆಳಗಿಟ್ಟು ನನ್ನ ಮುಖ ನೋಡದೆ ಹೇಳಿದ.

“ನಗೂದು ಹಂಗಿರಲಿ, ಒಂದ ಮಾತು ಕೇಳು. ಅವ್ವ ವರ್ಷಾತು ನಿನ್ನ ಸುದ್ದಿ ತಗದಿಲ್ಲ. ನಾವು ತಗದ್ರ ಎದ್ದು ಹೋಗತಾಳ. ಇವತ್ತ ಬರಾಗ ಇಷ್ಟ ಅಂದ್ಳು. ಕಾರಿನ್ಯಾಗರ ಬರಲಿ, ಬಸ್ಸಿನ್ಯಾಗರ ಬರಲಿ, ನಡಕೋತರ ಬರಲಿ. ಈ ಪಂಚಮಿಗಿ ಬರಲಿಲ್ಲಂದ್ರ ಮುಂದ ಕರಿಯಾಕ ಈ ಮನಿಲಿಂದ ಯಾರೂ ಹೋಗೂದಿಲ್ಲ.”

ನಗು ಅಲ್ಲಿಗೇ ನಿಂತಿತು. ಅವ್ವ ಒಮ್ಮೆ ಆಡಿದರೆ ಆಡಿದಂತೆ. ನನ್ನ ಹಟ ಎಲ್ಲಿಂದ ಬಂತು ಅಂತ ತಿಳಿದಿರಿ?

“ಬಸ್ಸಿಗಿ ಹೋಗಿಬಿಡೂಣು,” ಎಂದರು ನಮ್ಮ ಮನೆಯವರು. “ಇದನ್ನ ತಗೊಂಡು ಹೋದ್ರ ಸಾಯೂ ತನಕ ನಗತಾರ ನಿನ್ನ ಮಂದಿ.”

ಬಸ್ಸಿಗೆ ಹೋದರೆ ಮಾತು ಹೋಯಿತು, ಹೋಗದಿದ್ದರೆ ಅವ್ವ ಹೋದಳು, ಕಾರಿನಲ್ಲಿ ಹೋದರೆ ಮರ್ಯಾದೆ ಹೋಯಿತು. ಮೂರರಲ್ಲಿ ಯಾವುದನ್ನು ಬಿಡಬಹುದೆಂದು ಯೋಚಿಸಿದೆ. ಮರ್ಯಾದೆ ನನ್ನ ಹತ್ತಿರ ಮೊದಲೇ ಬಹಳವಿರಲಿಲ್ಲ. “ಕಾರಿನ್ಯಾಗ ಹೋಗೂದು,” ಎಂದೆ. “ನಗಲಿ. ಹಬ್ಬದಾಗ ನಗಬೇಕ.”

ಬೆಳಿಗ್ಗೆ ಎದ್ದು ಉಸ್ತಾದ ವಾಪಸು ಕೊಟ್ಟಿದ್ದ ಆ ಸೀರೆಯನ್ನೇ ಉಟ್ಟೆ. ಥಿನ್ನರಿನ ವಾಸನೆ ಬರುತ್ತಿತ್ತು. ಆದದ್ದಾಗಲಿ, ಇಬ್ಬರೂ ಒಂದೇ ಸೀರೆ ಉಟ್ಟು ಹೋಗೋಣ ಎಂದು ಮನಸ್ಸು ಗಟ್ಟಿ ಮಾಡಿದೆ. ಹೊರಗೆ ಬಂದಾಗ ಉಸ್ತಾದ ಕೈಯಲ್ಲಿ ಸಣ್ಣ ಡಬ್ಬಿ, ಬ್ರಷ್ಷು ಹಿಡಿದು ನಿಂತಿದ್ದ. ಕಡಗಂಚಿಯ ತನಕ ಬರುತ್ತೇನೆಂದ. ಅಲ್ಲಿ ಏನು ಕೆಲಸ ಎಂದರೆ, “ಕೆಲಸ ಇಲ್ರಿ. ಮಂದಿ ಮಾರಿ ನೋಡಬೇಕು,” ಎಂದ. ಮುಂದಿನ ಸೀಟಿನಲ್ಲಿ ಕೂತು, ದಾರಿಯಲ್ಲಿ ನಿಂತು ನೋಡಿದವರಿಗೆಲ್ಲ ಕೈಯೆತ್ತಿ ಸಲಾಮು ಮಾಡುತ್ತ ಬಂದು, ಕಡಗಂಚಿಯಲ್ಲಿ ಇಳಿದ. “ಯಾರೂ ಮುಟ್ಟಬಾರದು ನೋಡ್ರಿ, ಹಸಿ ಅದ,” ಎಂದು ಹೇಳಿ ತಿರುಗಿ ಆಳಂದದ ಬಸ್ಸು ಹತ್ತಿದ.

ಆ ದಿನದ ದಾರಿಯನ್ನು ನೆನೆಸಿಕೊಂಡರೆ ಈಗಲೂ ನನ್ನಷ್ಟಕ್ಕೇ ನಗುತ್ತೇನೆ. ಎದುರು ಬಂದ ಬಸ್ಸುಗಳು ನಿಧಾನವಾದವು. ಎತ್ತುಗಳು ನಿಂತವು. ಒಬ್ಬ ಮುದುಕಿ ಕಾರನ್ನು ಕಂಡು ಯಾರೋ ದೊಡ್ಡ ಮನೆತನದವರೆಂದು ತಿಳಿದಳೋ ಏನೋ, ತಲೆಯ ಮೇಲೆ ಸೆರಗು ಹೊದ್ದುಕೊಂಡಳು. ಕಲಬುರಗಿಯಲ್ಲಿ ಪೊಲೀಸಿನವನು ಕೈ ಅಡ್ಡ ಹಿಡಿದ. ಸುತ್ತ ಒಂದು ಸಲ ನಡೆದು ಬಂದು, “ಎಲ್ಲಿಗಿ ಹೊಂಟೀರಿ?” ಎಂದ.

“ಪಂಚಮಿಗಿ ತವರಮನಿಗ್ರಿ,” ಎಂದರು ನಮ್ಮ ಮನೆಯವರು.

“ಯಾರು?”

“ಇಬ್ಬರೂ.”

ಅವನು ನನ್ನನ್ನೂ ಕಾರನ್ನೂ ನೋಡಿ, ಕಾಗದಪತ್ರ ಕೇಳುವುದನ್ನು ಮರೆತು, ದಾರಿ ಬಿಟ್ಟ. ಹಿಂದಿನ ಸೀಟಿನಲ್ಲಿ ಅಣ್ಣನಿಗೆ ಮತ್ತೆ ಬಿಕ್ಕಳಿಕೆ ಶುರುವಾಯಿತು. ಭೀಮಾ ಸೇತುವೆಯ ಮೇಲಿಂದ ಕೆಂಪು ನೀರು ಎರಡೂ ದಡ ತುಂಬಿ ಹರಿಯುವುದು ಕಂಡಾಗ, ಇನ್ನೇನು ಊರು ಬಂತೆಂದು ಸೆರಗು ಸರಿಮಾಡಿಕೊಂಡೆ.

ಜೇವರ್ಗಿಯಲ್ಲಿ ಎಂಜಿನ್ನಿಗೆ ನೀರು ಹಾಕಲು ನಿಂತೆವು. ತವರಿಗೆ ಹೊರಟು ಬಸ್ಸಿಗೆ ಕಾದಿದ್ದ ಹೆಂಗಸರೆಲ್ಲ ಉಂಡಿಯ ಗಂಟುಗಳನ್ನು ಬಿಟ್ಟು ಓಡಿ ಬಂದರು. ಮುಟ್ಟಬೇಡಿ, ಹಸಿ ಇದೆ ಎಂದು ಕೂಗಿದೆ. ಯಾರು ಕೇಳುತ್ತಾರೆ? ಸೀರೆ ಕಂಡರೆ ಹೆಂಗಸರ ಕೈ ದಡಿಗೆ ಹೋಗುತ್ತದೆ, ಅದು ಅಂಗಡಿಯಲ್ಲಿರಲಿ, ಕಾರಿನ ಮೇಲಿರಲಿ. ಹೆಬ್ಬೆರಳು ತೋರುಬೆರಳಿನಿಂದ ಮಡ್‌ಗಾರ್ಡಿನ ಅಂಚನ್ನು ಹಿಡಿದು ನೋಡಿದರು. “ದಡಿ ಚೊಲೋ ಕುಂತದ,” ಎಂದಳು ಒಬ್ಬಳು. “ಸೆರಗಿನ ಗೋಪುರ ಒಂಚೂರು ಸಣ್ಣವಾಗ್ಯಾವ,” ಎಂದಳು ಇನ್ನೊಬ್ಬಳು, ಗಂಭೀರವಾಗಿ. ಒಬ್ಬರೂ ನಗಲಿಲ್ಲ. ಆ ಬೆರಳಿನ ಗುರುತುಗಳು ದಡಿಯಲ್ಲಿ ಹಾಗೇ ಒಣಗಿದವು.

ನೆಲೋಗಿಯ ಅಗಸಿಯನ್ನು ಕಾರಿನಲ್ಲಿ ಕೂತೇ ದಾಟಿದೆ. ಬೇವಿನ ಮರದ ಜೋಕಾಲಿ ನಿಂತಿತು. ದೊಡ್ಡಪ್ಪನ ಹೆಣ್ಣುಮಕ್ಕಳು ಮುಂದೆ ಓಡಿ ಬಂದರು. ಹಿರಿಯಳು ಕಾರನ್ನು ನೋಡಿ, ನನ್ನನ್ನು ನೋಡಿ, “ಎಲ್ಲಾ ಬರೋಬರಿ ಅದ, ಇದರ ಕುಬಸ ಎಲ್ಲಿ?” ಎಂದಳು. ಬೀದಿಗೆ ಬೀದಿಯೇ ನಕ್ಕಿತು. ಅವಳಿಗೆ ಕೊಡಲು ವರ್ಷವಿಡೀ ಉತ್ತರ ಕೂಡಿಸಿಟ್ಟಿದ್ದೆ. ಅಷ್ಟರಲ್ಲಿ ನನ್ನ ಕಣ್ಣು ಮನೆಯ ಕಡೆ ಹೋಯಿತು. ಬಾಗಿಲಲ್ಲಿ ಅವ್ವ ನಿಂತಿದ್ದಳು.

ಸ್ವಲ್ಪ ತೆಳ್ಳಗಾಗಿದ್ದಳು. ಅವ್ವ ಕಾರನ್ನು ಮುಂದಿನಿಂದ ಹಿಂದಿನವರೆಗೆ ನೋಡಿದಳು. ಒಡಲು ನೋಡಿದಳು, ದಡಿ ನೋಡಿದಳು. ತಾನೇ ಆರಿಸಿ ತಂದ ಸೀರೆ, ಅವಳಿಗೆ ಗುರುತು ಸಿಗದೇ ಇರುತ್ತದೆಯೇ? ನನ್ನ ಕಡೆ ಮಾತ್ರ ನೋಡಲಿಲ್ಲ. ತಿರುಗಿ ಒಳಗೆ ಹೋದಳು. ಕಾರಿನ ಬಾಗಿಲ ಹಿಡಿಕೆಯ ಮೇಲೆ ನನ್ನ ಕೈ ಹಾಗೇ ಉಳಿಯಿತು. ಇಷ್ಟು ದೂರ ಬಂದು ಹೊಸ್ತಿಲ ಹೊರಗೇ ಉಳಿದೆನಲ್ಲ ಎಂದುಕೊಂಡೆ.

ಅವ್ವ ಮತ್ತೆ ಹೊರಗೆ ಬಂದಳು. ಕೈಯಲ್ಲಿ ಮೊರ. ಮೊರದಲ್ಲಿ ಅಕ್ಕಿ, ಕೊಬ್ಬರಿ ಬಟ್ಟಲು, ಎಲೆ ಅಡಿಕೆ, ಅರಿಷಿಣದ ಕೊಂಬು, ಒಂದು ಹೊಸ ಕುಬಸದ ಖಣ. ಉಡಿ ತುಂಬುವ ಸಾಮಾನು. ಮಗಳ ಉಡಿ ತುಂಬಲು ಬಂದಳೆಂದು ನಾನು ಕಾರಿನಿಂದ ಇಳಿದು, ಸೆರಗನ್ನು ಮುಂದೆ ತಂದು ಎರಡೂ ಕೈಯಲ್ಲಿ ಹಿಡಿದೆ. ಅವ್ವ ನನ್ನನ್ನು ದಾಟಿ ನೆಟ್ಟಗೆ ಕಾರಿನ ಹಿಂದಕ್ಕೆ ಹೋದಳು.

“ಅಳಿಯಂದಿರಾ, ಇದನ್ನೊಂದಿಷ್ಟು ತಗೀರಿ,” ಎಂದಳು.

ನಮ್ಮ ಮನೆಯವರು ಗಡಬಡಿಸಿ ಡಿಕ್ಕಿ ತೆಗೆದರು. ಅವ್ವ ಒಳಗೆ ಖಣ ಹಾಸಿದಳು. ಕುಂಕುಮ ಹಚ್ಚಿದಳು, ಹಸಿ ಬಣ್ಣದಲ್ಲಿ ಬೆರಳು ಕೂತಿತು. ಆಮೇಲೆ ಬೊಗಸೆ ಬೊಗಸೆ ಅಕ್ಕಿಯನ್ನು ಆ ಖಣದ ಮೇಲೆ ಹಾಕುತ್ತ ಕಾರಿನ ಜೊತೆ ಮಾತಾಡಿದಳು. ಬೀದಿಗೆಲ್ಲ ಕೇಳುವಂತೆ ಮಾತಾಡಿದಳು.

“ತಾಯಿ, ನೀ ಬಂದಿ ಅಂತ ಈ ಹಬ್ಬಕ್ಕ ನನ್ನ ಮನಿಗಿ ಹೆಣ್ಣುಮಗಳು ಬಂದಾಂಗಾತು. ಇಕಿ ಮಾತಿನ ಮ್ಯಾಲ ಬಿಟ್ಟಿದ್ರ ನಾ ಇಕಿ ಮಾರಿ ನೋಡತಿದ್ದಿಲ್ಲ. ನೀ ಚೊಲೋಕಿ. ನೀ ಹೊತ್ಕೊಂಡು ತಂದಿ.”

ನನ್ನ ಸೆರಗು ಇನ್ನೂ ಹಿಡಿದಂತೆಯೇ ಇತ್ತು, ಖಾಲಿ.

“ಅವ್ವಾ, ನನಗ?” ಎಂದೆ.

ಆಗ ನನ್ನ ಕಡೆ ತಿರುಗಿದಳು. ವರ್ಷದ ಮೇಲೆ ಮೊದಲ ಸಲ ನನ್ನ ಮುಖ ನೋಡಿದಳು. “ನಿನ್ನ ಸೆರಗಿನ್ಯಾಗ ಜಾಗಾ ಎಲ್ಲದ? ತುಂಬ ಹಟಾನ ಕಟಗೊಂಡು ಕುಂತಿ. ಮೊದಲ ಅದನ್ನ ಝಾಡಸು.”

ನಾನು ಝಾಡಿಸಿದೆ. ದೊಡ್ಡಪ್ಪನ ಮಕ್ಕಳ ಎದುರಿಗೆ, ಗಂಡನ ಎದುರಿಗೆ, ಇಡೀ ಬೀದಿಯ ಎದುರಿಗೆ, ಸೆರಗಿನ ಎರಡೂ ತುದಿ ಹಿಡಿದು, ರೊಟ್ಟಿಯ ಹಿಟ್ಟು ಕೊಡವುವಂತೆ ಝಾಡಿಸಿ, ಮತ್ತೆ ಒಡ್ಡಿದೆ. ಅವ್ವ ಹತ್ತಿರ ಬಂದಳು. ಮೊರದಲ್ಲಿ ಉಳಿದಿದ್ದ ಅಕ್ಕಿಯನ್ನೆಲ್ಲ ಒಮ್ಮೆಲೇ ನನ್ನ ಸೆರಗಿಗೆ ಸುರಿದಳು. ಅವಸರಕ್ಕೆ ಅರ್ಧ ಅಕ್ಕಿ ನೆಲಕ್ಕೆ ಚೆಲ್ಲಿತು. ಉಡಿಯ ಅಕ್ಕಿ ತುಳಿಯಬಾರದೆಂದು ಇಬ್ಬರೂ ಅಲ್ಲೇ ಬೀದಿಯ ಮಣ್ಣಿನಲ್ಲಿ ಕೂತು ಆರಿಸತೊಡಗಿದೆವು. ಆರಿಸುತ್ತ ಆರಿಸುತ್ತ ಅವ್ವನ ಕೈ ನನ್ನ ಕೈಯ ಮೇಲೆ ಬಂತು, ಅಕ್ಕಿ ಆರಿಸುವುದನ್ನು ಬಿಟ್ಟು ಅಲ್ಲೇ ಉಳಿಯಿತು.